ಭಟ್ಟರು ಓದಿದ ಕಾದಂಬರಿ

"ಯಾವ ಕಡೆಯದ್ದು ಬೀಳಬೇಕು ಮಗಾ?" ಎಂದು ವಾದಿರಾಜ ಭಟ್ಟರು ಗರ್ಭಗುಡಿಯೊಳಗಿಂದ ಕೇಳಿದರು, ಹೋಟೆಲಿನ ಮಾಣಿ ಕಾಫಿಯೋ ಚಹಾವೋ ಎಂದು ಕೇಳುವ ಹಾಗೆ.

ಅಮೂಲ್ಯಾ ಬಾಗಿಲ ಕಡೆ ನೋಡಿದಳು. ಅಪ್ಪ ಪುಂಡರೀಕಾಕ್ಷ ರಾಯರು ಇನ್ನೂ ಹೊರಗೆ, ಕಾರು ನಿಲ್ಲಿಸುವ ಜಾಗಕ್ಕಾಗಿ ಪಕ್ಕದ ಸೊಸೈಟಿಯ ವಾಚ್‌ಮನ್ ಜೊತೆ ಮರಾಠಿಯಲ್ಲಿ ವಾದಿಸುತ್ತಿದ್ದರು. ಘಣಸೋಲಿಯ ಆ ಪುಟ್ಟ ದೇವಸ್ಥಾನದಲ್ಲಿ ಭಟ್ಟರು, ಅವಳು ಮತ್ತು ಕಲ್ಲಿನ ದುರ್ಗೆಯನ್ನು ಬಿಟ್ಟರೆ ಯಾರೂ ಇರಲಿಲ್ಲ.

ಅಪ್ಪ ಮಗಳು ಬಂದದ್ದು ಪ್ರಸಾದ ಕೇಳಲು. ದೇವಿಯ ಎರಡೂ ಭುಜಗಳಿಗೆ ಒದ್ದೆ ಹೂ ಅಂಟಿಸಿ ಪ್ರಾರ್ಥಿಸುವುದು. ಬಲಭುಜದ್ದು ಮೊದಲು ಬಿದ್ದರೆ ಅಮೂಲ್ಯಾ ಬೇಲಾಪುರದ ಸಮಿತ್‌ನನ್ನು ಮದುವೆಯಾಗುವುದು, ಎಡದ್ದು ಬಿದ್ದರೆ ಆ ಮಾತನ್ನು ಅಲ್ಲಿಗೇ ಬಿಡುವುದು. ಸಮಿತ್ ಕೆಟ್ಟವನೇನಲ್ಲ. ಮೊದಲ ಸಲ ಭೇಟಿಯಾದಾಗ ಅವಳ ಕಾದಂಬರಿಯನ್ನು ಹಿಂದೆ ಮುಂದೆ ತಿರುಗಿಸಿ, "ಅಚ್ಛಾ ಟೈಮ್‌ಪಾಸ್ ಹೈ. ಶಾದೀ ಕೆ ಬಾದ್ ಭೀ ಸಂಡೇ ಕೋ ಲಿಖ್ ಸಕ್ತೀ ಹೋ" ಎಂದು, ಮದುವೆಯಾದ ಮೇಲೂ ಭಾನುವಾರಗಳಂದು ಬರೆಯಲು ಅಪ್ಪಣೆ ಕೊಟ್ಟಿದ್ದ. ಅಂದಿನಿಂದ ಅವಳಿಗೆ ಭಾನುವಾರವೆಂದರೇ ಭಯ.

ಒಲ್ಲೆ ಎಂದಿದ್ದಳು. ಅವಳನ್ನು ಸಿಕ್ಕಿಹಾಕಿಸಿದ್ದು ಕಾದಂಬರಿಯ ಹೆಸರು: 'ಬಲಗಡೆಯ ಹೂ'. ಡೊಂಬಿವಲಿಯ ಬಿಡುಗಡೆ ಸಮಾರಂಭದಲ್ಲಿ, ಪುಸ್ತಕವನ್ನು ತೆರೆದೇ ಇರದ ಅತಿಥಿಯೊಬ್ಬರು ಆ ಹೆಸರೊಂದನ್ನೇ ಹಿಡಿದುಕೊಂಡು, ಹೂ ಎಂದರೆ ನಂಬಿಕೆ, ಬೀಳುವುದೆಂದರೆ ವಿಧಿ, ಬಲಗಡೆಯೆಂದರೆ ಇವೆರಡರ ಮಧುರ ಮಿಲನ ಎಂದು ಊಟದ ಹೊತ್ತು ಮೀರುವವರೆಗೆ ಮಾತಾಡಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ರಾಯರು ಕಣ್ಣೊರೆಸಿಕೊಂಡಿದ್ದರು. ಅವರೂ ಓದಿರಲಿಲ್ಲ. ಮಗಳು ದೇವರ ಮೇಲೆ ಬರೆದಿದ್ದಾಳೆಂದು, ಕೋಪರಿಯ ತಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ, ಬಡೇಸೋಪಿನ ಬಟ್ಟಲಿನ ಪಕ್ಕ ಪ್ರತಿಗಳನ್ನು ಜೋಡಿಸಿಟ್ಟರು. ಒಂದನ್ನು ಭಟ್ಟರಿಗೂ ಕೊಟ್ಟರು. "ಅಷ್ಟು ದೊಡ್ಡ ಪುಸ್ತಕ ಬರ್ದವಳು ನೀನು. ಹೂವನ್ನು ನಂಬು ಅಂತ ನಿನಗೆ ನಾನು ಹೇಳ್ಬೇಕಾ?" ಎಂದು ರಾಯರು ಮಗಳನ್ನು ಕೇಳಿದಾಗ ಅವಳಿಗೆ ಎರಡೇ ದಾರಿ ಉಳಿದಿತ್ತು: ಒಳಗೇನಿದೆಯೆಂದು ಹೇಳಿಬಿಡುವುದು, ಇಲ್ಲವೇ ಒಪ್ಪಿಕೊಳ್ಳುವುದು. ಒಪ್ಪಿಕೊಂಡಳು.

ಒಳಗಿದ್ದದ್ದು ಡೊಳ್ಳುಹೊಟ್ಟೆಯ ಒಬ್ಬ ಅರ್ಚಕ. ಉಳಿಯಬೇಕಾದ ಹೂವಿನ ಹಿಂದೆ ಚೂರು ಗಂಧ ಮೆತ್ತಿ, ಬೀಳಬೇಕಾದದ್ದನ್ನು ಬೀಳಲು ಬಿಟ್ಟು, ಊರಿನ ಮದುವೆಗಳನ್ನೂ ಜಗಳಗಳನ್ನೂ ತೀರ್ಮಾನಿಸುತ್ತಿದ್ದವನು.

"ನೀವು ಓದಿದ್ರಾ ಭಟ್ರೆ?"

"ಎರಡು ಸಲ. ನನ್ನ ಹೊಟ್ಟೆ ಅಷ್ಟು ದೊಡ್ಡದುಂಟಾ ಮಾರಾಯ್ತಿ?"

ಅದು ನೀವಲ್ಲ, ಬರೀ ಕಲ್ಪನೆ ಎಂದು ಅವಳು ತಡವರಿಸಿದಳು. ಗಂಧದ ವಿಷಯ ಕಲ್ಪನೆಗೆ ಯಾರು ಹೇಳಿಕೊಟ್ಟದ್ದು ಎಂದು ಕೇಳಿದ ಭಟ್ಟರು ಉತ್ತರಕ್ಕೆ ಕಾಯಲಿಲ್ಲ. ಬೇಗ ಹೇಳು, ಅಪ್ಪ ಬಂದರೆ ಆಗುವುದಿಲ್ಲ ಎಂದರು. ಅರ್ಚಕನ ಕಿವಿಯಲ್ಲಿ ಪಿಸುಗುಟ್ಟುವ ಒಬ್ಬ ಹೆಂಗಸು ಕಾದಂಬರಿಯಲ್ಲಿದ್ದಳು. ಅಮೂಲ್ಯಾ ಅವಳಿಗೆ ಒಂದು ಚೂರೂ ಕರುಣೆ ತೋರಿಸಿರಲಿಲ್ಲ. ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು.

"ಎಡದ್ದು," ಎಂದು ಪಿಸುಗುಟ್ಟಿದಳು.

ಭಟ್ಟರು ನಿಟ್ಟುಸಿರು ಬಿಟ್ಟರು. "ನಿನ್ನೆ ನಿನ್ನ ಅಪ್ಪ ಬಂದಿದ್ರು. ಬಲದ್ದು ಅಂತ ಹೇಳಿ ಹೋಗಿದ್ದಾರೆ."

ಏಕಾದಶಿಯಂದು ತಮ್ಮದೇ ಹೋಟೆಲಿನ ನೀರನ್ನೂ ಮುಟ್ಟದ ಅಪ್ಪ. ಅಮೂಲ್ಯಾಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಭಟ್ಟರು ಕೈಗಳನ್ನು ತೊಳೆದು, ಬೆರಳುಗಳನ್ನು ಅಗಲಿಸಿ ಅವಳಿಗೆ ತೋರಿಸಿದರು. "ಇವತ್ತು ಯಾವುದಕ್ಕೂ ಗಂಧ ಹಚ್ಚುವುದಿಲ್ಲ. ಅಪ್ಪ, ಮಗಳು ಇಬ್ಬರೂ ಕೇಳಿದ ಮೇಲೆ ನಾನು ಯಾರ ಪಕ್ಷ ಹಿಡಿಯುವುದು? ಅಮ್ಮನೇ ನೋಡ್ಕೊಳ್ಳಲಿ." ಆ ಮಾತಿನಲ್ಲಿ ಭಕ್ತಿಗಿಂತ ಬೇಸರವೇ ಹೆಚ್ಚಿತ್ತು.

ರಾಯರು ಒಳಬಂದರು. ಭಟ್ಟರತ್ತ ಹುಬ್ಬನ್ನು ಒಂದಿಷ್ಟು ಏರಿಸಿ, ಅವರು ತಲೆ ತಗ್ಗಿಸಿದ್ದನ್ನು ಒಪ್ಪಿಗೆಯೆಂದುಕೊಂಡು, ತೃಪ್ತಿಯಿಂದ ಕೈಮುಗಿದರು. ಭಟ್ಟರು ಹೂಗಳನ್ನು ನೀರಿನಲ್ಲಿ ಅದ್ದಿ ಅಂಟಿಸಿ, ಹಿಂದೆ ಸರಿದು ನಿಂತರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಲಭುಜದ ಹೂ ಮೆಲ್ಲಗೆ ಬಾಗಿತು. ಅರ್ಧ ಮುಚ್ಚಿದ ಕಣ್ಣುಗಳಲ್ಲೇ ರಾಯರು ಮುಗುಳ್ನಕ್ಕರು. ಅಮೂಲ್ಯಾ ನೋಡಿದರೆ ಅವಳ ಕೈಗಳೂ ಮುಗಿದುಕೊಂಡಿದ್ದವು. ಯಾವಾಗ ಮುಗಿದವೋ ಅವಳಿಗೇ ಗೊತ್ತಿಲ್ಲ. ಹೂ ಒಂದೇ ಎಸಳಿನ ಮೇಲೆ ಜೋತುಬಿದ್ದು ಹಾಗೇ ನಿಂತಿತು. ಅಷ್ಟರಲ್ಲಿ, ಯಾವ ಅವಸರವೂ ಇಲ್ಲದೆ, ಎಡಭುಜದ್ದು ಕಳಚಿ ದೇವಿಯ ಪಾದದ ಬಳಿ ಬಿತ್ತು.

ರಾಯರು ಭಟ್ಟರನ್ನು ನೋಡಿದ ರೀತಿಗೆ, ದೋಸೆ ಸೀಯಿಸಿದ ಅಡುಗೆಯವರು ಹೋಟೆಲು ಬಿಟ್ಟು ಓಡಬೇಕಿತ್ತು. "ಎಂತ ಭಟ್ರೆ ಇದು, ನಾನು ನಿನ್ನೆ..." ಎಂದವರು ಪಕ್ಕದಲ್ಲಿ ಮಗಳಿರುವುದು ನೆನಪಾಗಿ ತಡೆದರು. ಕೊನೆಗೆ "ಅಮ್ಮನ ಇಚ್ಛೆ" ಎಂದರು, ಹಲ್ಲು ಕಚ್ಚಿಕೊಂಡು.

ಅಮೂಲ್ಯಾ ನಗು ತಡೆಯಲಾರದೆ ಭಟ್ಟರತ್ತ ತಿರುಗಿದಳು. ಅವರು ನಗುತ್ತಿರಲಿಲ್ಲ. ತಮ್ಮ ಬೆರಳ ತುದಿಗಳನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದರು. ಎಲ್ಲೂ ಗಂಧದ ವಾಸನೆ ಸಿಗದವರಂತೆ ಮತ್ತೊಮ್ಮೆ ಮೂಸಿದರು. ಆಮೇಲೆ ಹೆಗಲ ಮೇಲಿನ ಶಲ್ಯವನ್ನು ಸೊಂಟಕ್ಕೆ ಬಿಗಿದು, ಆ ಇಕ್ಕಟ್ಟಿನಲ್ಲೇ ದೇವಿಯ ಮುಂದೆ ಉದ್ದಕ್ಕೆ ಬಿದ್ದರು.

"ಭಟ್ರೆ, ತೀರ್ಥ," ಎಂದರು ರಾಯರು. ಹೋಟೆಲಿಗೆ ಹೊತ್ತಾಯಿತೆಂದು ಇನ್ನೊಮ್ಮೆ ಕೇಳಿದರು. ನೆಲಕ್ಕೆ ಒತ್ತಿದ ಭಟ್ಟರ ಹಣೆ ಮೇಲೇಳಲಿಲ್ಲ.