ತಿರುವಿನ ಕಟ್ಟೆ

ತಿರುವು ಕಂಡ ಕೂಡಲೇ ಡ್ರೈವರನ ಕಾಲು ತಾನಾಗಿಯೇ ಬ್ರೇಕ್ ಒತ್ತಿತು. ಓಣಿಯ ಕೊನೆಯ ಮನೆಯಲ್ಲಿ ಅಜ್ಜಿಯೊಬ್ಬಳು ಉಸಿರಿಗಾಗಿ ಒದ್ದಾಡುತ್ತಿದ್ದಳು. ಆದರೆ ಆಂಬುಲೆನ್ಸ್ ಎಂದೂ ಈ ತಿರುವು ದಾಟಿದ್ದಿಲ್ಲ. ಕ್ಷೌರದಂಗಡಿಯ ಕಲ್ಲುಕಟ್ಟೆ ಅಡ್ಡ. ಪಕ್ಕದ ಬೀದಿಯವರು ಬದುಕಿ ಉಳಿಯುವಂಥ ಕಾಯಿಲೆಗೂ ಇಲ್ಲಿಯವರು ಸಾಯುತ್ತಿದ್ದರು. ರೋಗಿಯನ್ನು ತಿರುವಿನವರೆಗೆ ಹೊತ್ತು ತರುವಷ್ಟರಲ್ಲಿ ಜೀವ ಹೋಗಿರುತ್ತಿತ್ತು. ಮರಳುವಾಗ ಸೈರನ್ ಹಾಕುವ ಅವಸರವೇ ಡ್ರೈವರನಿಗೆ ಇರುತ್ತಿರಲಿಲ್ಲ. ಹೋದ ತಿಂಗಳು ಕ್ಷೌರಿಕನ ಸ್ವಂತ ತಮ್ಮನೂ ಹಾಗೆಯೇ ಹೋಗಿದ್ದ.

ಸ್ಟ್ರೆಚರ್ ಎಳೆಯಲು ಇಳಿಯಹೊರಟವನ ಕಿಟಕಿಯನ್ನು ಕ್ಷೌರಿಕ ಬಡಿದ. ಕೈಯಲ್ಲಿ ಬಾಚಣಿಗೆ, ಬೆನ್ನ ಹಿಂದೆ ಅರ್ಧ ಮುಖಕ್ಕೆ ನೊರೆ ಹೊತ್ತ ಗಿರಾಕಿ.

"ಇಳೀಬೇಡಿ ಅಣ್ಣಾ, ಗಾಡಿ ಒಳಗೇ ಬರ್ಲಿ!"

"ಕಟ್ಟೆ ಇದೆಯಲ್ಲಪ್ಪಾ?"

"ಎಲ್ಲಿದೆ? ನಾನೇ ಒಡೆದು ಹಾಕ್ದೆ. ಬನ್ನಿ, ಬನ್ನಿ... ಸ್ವಲ್ಪ ಎಡಕ್ಕೆ!"

ಕಟ್ಟೆಯಿದ್ದ ಜಾಗದಲ್ಲಿ ಹೊಸ ಸಿಮೆಂಟಿನ ಗುರುತಷ್ಟೇ ಉಳಿದಿತ್ತು. ಬಾಚಣಿಗೆ ತೋರಿದ ಕಡೆಗೆಲ್ಲ ಡ್ರೈವರ್ ಸ್ಟೀರಿಂಗ್ ತಿರುಗಿಸಿದ. ಗಾಡಿ ಅಜ್ಜಿಯ ಹೊಸ್ತಿಲಲ್ಲೇ ನಿಂತಿತು. ಗಾಡಿಯಲ್ಲಿದ್ದ ನರ್ಸ್ ಇಳಿದು ಅಲ್ಲೇ ಅಜ್ಜಿಗೆ ಆಕ್ಸಿಜನ್ ಹಚ್ಚಿ, ಒಳಗೆ ಮಲಗಿಸಿದಳು.

ಹಿಂದಕ್ಕೆ ಸರಿಯುತ್ತ ಗಾಡಿ ಮತ್ತೆ ತಿರುವಿಗೆ ಬರುವಷ್ಟರಲ್ಲಿ ಅಜ್ಜಿಗೆ ದನಿ ಬಂದಿತ್ತು. ಮಾಸ್ಕ್ ಸರಿಸಿ, ಕಿಟಕಿಯಿಂದಲೇ ಗದರಿದಳು: "ಕಟ್ಟೆ ಕಿತ್ತು ಹಾಕಿದ್ಯಲ್ಲೋ ಪುಣ್ಯಾತ್ಮ, ಸಂಜೆ ಹೊತ್ತು ನಾನೆಲ್ಲಿ ಕೂತ್ಕೊಳ್ಲಿ?"

"ನೀನು ವಾಪಸ್ ಬಾ ಅಜ್ಜಿ, ನನ್ನ ತಿರುಗೋ ಕುರ್ಚೀಲೇ ಕೂರಿಸ್ತೀನಿ!" ಎಂದ ಕ್ಷೌರಿಕನ ಕಣ್ಣು ತುಂಬಿತ್ತು.

"ಮೊದ್ಲು ಮಾಸ್ಕ್ ಹಾಕ್ಕೊಳ್ಳಿ, ಆಮೇಲೆ ಜಗಳ," ಎಂದಳು ನರ್ಸ್.

ಡ್ರೈವರ್ ನಕ್ಕ. ಈ ಓಣಿಯಿಂದ ಹೊರಡುವಾಗ ಮೊದಲ ಸಲ ಅವನ ಕೈ ಸೈರನ್ ಒತ್ತಿತು.