ಕಳ್ಳಮರೆವು

ರೆಜಾನ್ ಥಿಬೋ ಸುಳ್ಳು ಹೇಳುತ್ತಿದ್ದಾನೆ ಎಂಬುದರಲ್ಲಿ ಡಾಕ್ಟರ್ ಹಲೀನಾಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಇನ್ನೊಂದ್ಸಲ ಹೇಳು. ಐದು ಪದ."

"ಸೇಬು," ಎಂದ ಥಿಬೋ. ಸೂರು ನೋಡಿದ. "ಬೆಣ್ಣೆ." ತನ್ನ ಬೂಟು ನೋಡಿದ. "ಸೇಬು."

"ಸೇಬು ಆಗ್ಲೇ ಆಯ್ತು."

"ಒಳ್ಳೇ ಹಣ್ಣು ಡಾಕ್ಟ್ರೇ. ಎರಡು ತಿಂದ್ರೆ ತಪ್ಪೇನು?"

ಹಲೀನಾಗೆ ನಗು ಬಂತು, ನುಂಗಿಕೊಂಡಳು. ಈ ಮನುಷ್ಯನ ಮುಂದೆ ನಕ್ಕರೆ ಸೋತಂತೆ.

ಉತ್ತರ ಒಂಟಾರಿಯೊದ ಆ ಗಣಿ ಊರಿನ ಐಸ್ ಹಾಕಿ ತಂಡದಲ್ಲಿ ಗೋಲು ಹೊಡೆಯುವುದಕ್ಕೆ ಬೇರೆಯವರಿದ್ದರು. ಥಿಬೋನಿಗೆ ಸಂಬಳ ಕೊಡುತ್ತಿದ್ದುದು ಮೂತಿಗೆ ಗುದ್ದುವುದಕ್ಕೆ, ಗುದ್ದಿಸಿಕೊಳ್ಳುವುದಕ್ಕೆ. ಎದುರು ತಂಡದಲ್ಲೂ ಅಂಥವನೊಬ್ಬ ಇರುತ್ತಿದ್ದ. ಇಬ್ಬರೂ ಕೈಗವಸು ಬಿಸಾಡಿದರೆಂದರೆ ರೆಫರಿ ಪಕ್ಕಕ್ಕೆ ಸರಿಯುತ್ತಿದ್ದ, ಜನ ಬಿಯರ್ ಹಿಡಿದು ಎದ್ದು ನಿಲ್ಲುತ್ತಿದ್ದರು. ಒಬ್ಬ ಬಿದ್ದ ಮೇಲೆ, ಜಗಳವಾಡಿದ ಮಕ್ಕಳನ್ನು ಮೂಲೆಯಲ್ಲಿ ಕೂರಿಸಿದ ಹಾಗೆ ಇಬ್ಬರನ್ನೂ ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಮತ್ತೆ ಬಿಡುತ್ತಿದ್ದರು.

ತಲೆಗಳ ರಕ್ಷಣೆಗೆ ನಿಯಮವೂ ಇತ್ತು. ಪಂದ್ಯಗಳ ಋತು ಶುರುವಾಗುವ ಮೊದಲು ಎಲ್ಲರ ನೆನಪಿಗೊಂದು ಪರೀಕ್ಷೆ: ಐದು ಪದ ಕೇಳಿಸಿಕೊಂಡು ತಿರುಗಿ ಹೇಳಬೇಕು. ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆ ಮತ್ತೊಮ್ಮೆ. ಅಂಕ ಇಳಿದಿದ್ದರೆ ಆಟ ಬಂದ್. ಆದರೆ ನಿಯಮ ಚಾಪೆ ಕೆಳಗೆ ತೂರಿದರೆ ಆಟಗಾರರು ರಂಗೋಲಿ ಕೆಳಗೆ ತೂರಿದರು. ಮೊದಲ ಪರೀಕ್ಷೆಯಲ್ಲೇ ಬೇಕೆಂದು ದಡ್ಡರಾದರು. ನೆಲದ ಮೇಲೆ ಮಲಗಿದವನು ಇನ್ನೆಲ್ಲಿಗೆ ಬಿದ್ದಾನು?

ಈ ಕಳ್ಳವಿದ್ಯೆಗೆ ಗುರು ಥಿಬೋ. ವರ್ಷವರ್ಷವೂ ಅವನು ಐದರಲ್ಲಿ ಎರಡೇ ಪದ ಹೇಳುವುದು. ಇವತ್ತು ಈ ವರ್ಷದ ಮೊದಲ ಪರೀಕ್ಷೆ.

ಹೋದ ಚಳಿಗಾಲದಲ್ಲಿ ಅವನು ಗುದ್ದು ತಿಂದು ಐಸ್ ಮೇಲೆ ಬಿದ್ದಾಗ ಕಣ್ಣು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಮರುದಿನದ ಪರೀಕ್ಷೆಯಲ್ಲಿ ಎರಡು ಪದ. ಮೊದಲೂ ಎರಡೇ. ಸಮಸಮ. ಹಲೀನಾ ಸಹಿ ಹಾಕಬೇಕಾಯಿತು. ಅವತ್ತಿನಿಂದ ಅವಳಿಗೆ ಸರಿಯಾಗಿ ನಿದ್ದೆ ಹತ್ತಿಲ್ಲ. ಬೇಸಿಗೆಯಲ್ಲಿ ಅವನ ಮನೆಗೇ ಹೋಗಿ ಬೇಡಿಕೊಂಡಿದ್ದಳು: "ಒಂದೇ ಒಂದ್ಸಲ ನಿಜ ಹೇಳೋ. ನಿನ್ನ ನಿಲ್ಲಿಸೋಕೆ ನನ್ನ ಕೈಗೆ ಏನಾದ್ರೂ ಕೊಡು." ಅವನು ತಲೆಯಾಡಿಸಿ ಅವಳ ತಟ್ಟೆಗೆ ಇನ್ನೊಂದು ಸುಟ್ಟ ಸಾಸೇಜು ಹಾಕಿದ್ದ.

ಆ ಉಪದೇಶದ ಫಲ ಈಗ ಎದುರಿಗೇ ಕೂತಿತ್ತು. ಕೋಣೆಯೊಳಗೂ ಕಪ್ಪು ಕನ್ನಡಕ. ರಾತ್ರಿ ಚೆನ್ನಾಗಿ ಏರಿಸಿರಬೇಕು ಅಂದುಕೊಂಡಳು. ಕಾರು ಓಡಿಸಲೂ ದೊರೆಗೆ ಸೋಮಾರಿತನ, ಹೆಂಡತಿ ಜಿನೆಟ್ ಕರೆತಂದಿದ್ದಳು. ಒಳಗೆ ಬಂದವನೇ ಹಲೀನಾಳನ್ನು, ಅವಳಿಗಿಂತ ಮೊದಲು ತಂಡಕ್ಕಿದ್ದ ಮುದಿ ಡಾಕ್ಟರ ಹೆಸರಿನಿಂದ ಕರೆದಿದ್ದ.

"ನನಗೆ ಮೀಸೆ ಇದೆಯೇನೋ?" ಎಂದು ಕೇಳಿದ್ದಳು.

"ಹತ್ತಿರದಿಂದ ನೋಡಿಲ್ಲ ಡಾಕ್ಟ್ರೇ," ಎಂದಿದ್ದ.

ಗೋಡೆಯಾಚೆ ಆಟಗಾರರ ಸ್ನಾನದ ಕೋಣೆಯಿಂದ ಹಾಡು ಕೇಳಿಬಂತು. ಪರೀಕ್ಷೆಯ ಐದು ಪದಗಳು ಎಷ್ಟೋ ವರ್ಷದಿಂದ ಬದಲಾಗಿರಲಿಲ್ಲ. ಅವನ್ನೇ ಪೋಣಿಸಿ ಹುಡುಗರು ಹಾಡುತ್ತಿದ್ದರು: ಸೇಬು, ಜೇನು, ಬೆಣ್ಣೆ, ಮೊಣಕೈ, ಲಾಂದ್ರ. ಆ ಹಾಡಿನಲ್ಲಿ ಬೆಣ್ಣೆಗೂ ಮೊಣಕೈಗೂ ಏನು ಸಂಬಂಧ ಎಂಬುದನ್ನು ಮರ್ಯಾದಸ್ಥರು ಬರೆಯುವಂತಿಲ್ಲ.

ಥಿಬೋ ಕಾಲಿನಲ್ಲಿ ತಾಳ ಹಾಕಿದ. "ಮಜವಾಗಿದೆ. ಯಾವ ಕತ್ತೆ ಕಟ್ಟಿದ್ದು ಇದನ್ನ?"

"ನೀನೇ ಕಣೋ, ಕತ್ತೆ!"

ಅವನು ನಕ್ಕ. ಸ್ವಲ್ಪ ತಡವಾಗಿ ನಕ್ಕ.

ಹಲೀನಾಳ ತಾಳ್ಮೆ ಅಲ್ಲಿಗೆ ಮುಗಿಯಿತು. ತಾನೇ ಕಟ್ಟಿದ ಹಾಡು, ಗೋಡೆಯಾಚೆ ಇಡೀ ತಂಡ ಗಂಟಲು ಹರಿದುಕೊಂಡು ಹಾಡುತ್ತಿದೆ, ಆದರೂ ಇವನಿಗೆ ಮರೆವಂತೆ! ಮೋಸ ಮಾಡುವುದಕ್ಕೂ ಒಂದು ಮಾನ ಮರ್ಯಾದೆ ಬೇಡವೇ? ನಿದ್ದೆ ಮಾಡುವವನನ್ನು ಎಬ್ಬಿಸಬಹುದು, ಕಳ್ಳನಿದ್ದೆಯವನನ್ನು ಯಾರು ಎಬ್ಬಿಸುತ್ತಾರೆ?

ಎದ್ದು ಕಿಟಕಿ ಮುಚ್ಚಿದಳು. ಹಾಡು ಸಣ್ಣಗಾಯಿತು.

"ಕಡೇ ಸಲ ಕೇಳ್ತೀನಿ. ಐದು ಪದ."

ಥಿಬೋ ಕನ್ನಡಕ ತೆಗೆದ. ಹಣೆಯಲ್ಲಿ ಬೆವರಿತ್ತು. ನಾಟಕವೆಂದರೆ ಇದು ಎಂದುಕೊಂಡಳು ಹಲೀನಾ. ಮುರಿದು ಕೂಡಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಮಡಿಸಿದ. "ಸೇಬು. ಬೆಣ್ಣೆ." ಮೂರನೇ ಬೆರಳು ಅರ್ಧಕ್ಕೇ ನಿಂತಿತು. ಅವನು ಅದನ್ನೇ ನೋಡುತ್ತಾ ಕೂತ.

"ಬೇಸಿಗೇಲಿ ಅಷ್ಟು ಬೇಡಿಕೊಂಡೆ ನಿನ್ನ," ಎಂದಳು ಹಲೀನಾ. "ನಿನ್ನ ತಲೆ, ನಿನ್ನ ಹಣೆಬರಹ. ಒಡಕೊಂಡು ಹಾಳಾಗಿ ಹೋಗು."

"ಬೈಬೇಡಿ ಡಾಕ್ಟ್ರೇ," ಎಂದ ಥಿಬೋ ಮೆಲ್ಲಗೆ. "ನನ್ನ ಕೈಲಾದ್ದು ಮಾಡ್ತಾ ಇದೀನಿ."

"ಏನು ಮಾಡ್ತಾ ಇದೀಯ ಅಂತ ನಂಗೂ ಗೊತ್ತು!"

ಐದಕ್ಕೆ ಎರಡು. ಹೋದ ವರ್ಷವೂ ಎರಡು. ಬದಲಾವಣೆ ಏನೂ ಇಲ್ಲ, ಆಡಲು ಅಡ್ಡಿಯಿಲ್ಲ. ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿ ಅವನ ಕೈಗೆ ತುರುಕಿದಳು. ಶುಕ್ರವಾರ ಮೊದಲ ಪಂದ್ಯ. ಎದುರು ತಂಡದವರು ಗುದ್ದುವುದಕ್ಕೆ ಇಪ್ಪತ್ತೆರಡು ವರ್ಷದ ಹೋರಿಯೊಂದನ್ನು ಹೊಸದಾಗಿ ತಂದಿದ್ದಾರೆಂದು ಊರೆಲ್ಲ ಸುದ್ದಿ.

ಥಿಬೋ ಕಾಗದ ಮಡಿಸಿಕೊಂಡು ಹೊರಟ. ಮೊದಲು ಔಷಧದ ಬೀರುವಿನ ಬಾಗಿಲು ತೆಗೆದ. ಆಮೇಲೆ ಸರಿಯಾದ ಬಾಗಿಲು ತೆಗೆದ. ಹುಡುಗರು ಹೊರಗೆ ಅವನನ್ನು ಹೋ ಎಂದು ಎತ್ತಿಕೊಂಡರು.

ಆ ಗಲಾಟೆಯಲ್ಲಿ ದಾರಿ ಮಾಡಿಕೊಂಡು ಜಿನೆಟ್ ಒಳಗೆ ಬಂದಳು. ಕಾರಿನ ಕೀಲಿ ಎದೆಗೆ ಒತ್ತಿ ಹಿಡಿದಿದ್ದಳು. ಮುಖದಲ್ಲಿ ಹರಕೆ ತೀರಿಸಿ ಬಂದವರ ಕಳೆ.

"ನಿಮ್ಮ ಮಾತು ಕೊನೆಗೂ ನಾಟ್ತು ಡಾಕ್ಟ್ರೇ. ಈ ವರ್ಷ ಮೋಸ ಮಾಡಲ್ಲ ಅಂತ ಮಗಳ ತಲೆ ಮೇಲೆ ಆಣೆ ಇಟ್ಟಿದಾನೆ. ಇಡೀ ತಿಂಗಳು ದಿನಾ ಪಾತ್ರೆ ತೊಳೀತಾ ನಾನೇ ಅವನ ಕೈಲಿ ಆ ಹಾಳು ಹಾಡು ಹೇಳಿಸಿದೀನಿ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಐದೂ ಹೇಳಿದ ತಾನೇ?"