ಒಲ್ಲೆ ಎಂದವರ ಪಾಳಿ

ಗುಮಾಸ್ತ ಬೊಮ್ಮಯ್ಯ ಪಾಳಿ ಪುಸ್ತಕ ತೆರೆದು ಪಾಲಾಕ್ಷಪ್ಪನ ಹೆಸರು ಕೂಗಿದಾಗ ಕೊಟ್ಟೂರಿನ ಲಾರಿ ಸ್ಟ್ಯಾಂಡಿನಲ್ಲಿ ಎಂಥ ಬಿಸಿಲಿತ್ತೆಂದರೆ, ಬಾನೆಟ್ಟಿನ ಮೇಲೆ ಬಿದ್ದ ಮೆಕ್ಕೆಜೋಳದ ಕಾಳು ಅರಳಿ ಪಕ್ಕದ ಲಾರಿಗೆ ಸಿಡಿಯುತ್ತಿತ್ತು. ಲೋಡು ಇದ್ದದ್ದು ಒಂದೇ, ನಾಮಕ್ಕಲ್ಲಿನ ಕೋಳಿ ಫಾರಂಗೆ. ಕಾಯುತ್ತಿದ್ದ ಲಾರಿಗಳು ಮೂವತ್ತು. ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಲೋಡಿನ ಏಜೆಂಟ್ ಹೇಳಿದ ಬಾಡಿಗೆ ಕೇಳಿದರೆ ಡೀಸೆಲ್ ಟ್ಯಾಂಕೇ ನಕ್ಕುಬಿಡಬೇಕು, ಅಷ್ಟು ಕಮ್ಮಿಯಿತ್ತು.

"ಒಲ್ಲೆ," ಎಂದ ಪಾಲಾಕ್ಷಪ್ಪ. ಹಡಗಲಿಯವರೆಗೂ ಕೇಳಿಸಿರಬೇಕು.

ಒಲ್ಲೆ ಎಂದವನ ಹೆಸರು ಪಾಳಿಯ ತುದಿಗೆ ಹೋಗುವುದು ಲಾರಿ ಮಾಲೀಕರ ಸಂಘದ ನಿಯಮ. ಹದಿನೆಂಟು ದಿನ ಕಾದು ಗಳಿಸಿದ ಮೊದಲ ಜಾಗವನ್ನು ಅವನು ಒಂದೇ ಮಾತಿಗೆ ಬಿಟ್ಟುಕೊಟ್ಟ. ಬಿಡದೆ ವಿಧಿಯಿರಲಿಲ್ಲ. ಈ ಬಾಡಿಗೆಗೆ ಒಬ್ಬ ಲೋಡು ಎತ್ತಿದರೆ ನಾಳೆಯಿಂದ ಅದೇ ಎಲ್ಲರ ಬಾಡಿಗೆಯಾಗುತ್ತದೆ, ಯಾರೂ ಎತ್ತಕೂಡದು ಎಂದು ಹಿಂದಿನ ದಿನ ಚಹಾದಂಗಡಿಯ ಮುಂದೆ ಮೂವತ್ತೂ ಮಂದಿಯಿಂದ ಆಣೆ ಮಾಡಿಸಿದವನು ಅವನೇ.

ಬೊಮ್ಮಯ್ಯ ದನಿ ತಗ್ಗಿಸಿದ. "ಸೋಮವಾರಕ್ಕ ನಿನ್ನ ಇನ್ಶೂರೆನ್ಸ್ ಮುಗೀತೈತಿ. ಕಟ್ಟಲಿಲ್ಲಂದ್ರ ಗಾಡಿ ಸ್ಟ್ಯಾಂಡ್ ದಾಟಂಗಿಲ್ಲ. ಈ ಟ್ರಿಪ್ ಬಿಟ್ರ ಎಲ್ಲಿಂದ ಕಟ್ತಿಯೋ?"

"ಕಡೀಗೆ ಬರಕೊಳ್ಳೋ ಬೊಮ್ಮಣ್ಣ. ಮುಂದಿಂದು ಮುಂದ."

ಎರಡನೆಯವನು ಒಲ್ಲೆ ಎಂದ. ಮೂರನೆಯವನೂ ಅದನ್ನೇ ಅಂದ. ಐದು ಮಂದಿಯಾಗುವಷ್ಟರಲ್ಲಿ ಪಾಲಾಕ್ಷಪ್ಪನ ಎದೆ ಉಬ್ಬಿ, ಅಂಗಿಯ ಗುಂಡಿ ಹಾರಿ ಹಗರಿಬೊಮ್ಮನಹಳ್ಳಿಯಲ್ಲಿ ಬಿತ್ತು. ಹತ್ತಾಯಿತು. ಹದಿನೈದಾಯಿತು. ಆಗ ಅವನ ತಲೆಗೊಂದು ಲೆಕ್ಕ ಹೊಳೆಯಿತು: ಎಲ್ಲರೂ ಹೀಗೇ ಒಲ್ಲೆ ಅನ್ನುತ್ತ ಹೋದರೆ ಪುಸ್ತಕ ಒಂದು ಸುತ್ತು ಮುಗಿಸಿ ಮತ್ತೆ ತನ್ನ ಹೆಸರಿಗೇ ಬರುತ್ತದೆ. ಮೊದಲ ಸಲ ಒಲ್ಲೆ ಅನ್ನಲು ಮೀಸೆ ಸಾಕು, ಎರಡನೇ ಸಲಕ್ಕೆ ಮನೆಯಲ್ಲಿ ಹಿಟ್ಟಿರಬೇಕು.

ಇಪ್ಪತ್ತನೆಯವನ ಹೊತ್ತಿಗೆ, ಯಾವನಾದರೂ ಒಬ್ಬ ಆಣೆ ಮುರಿಯಲಪ್ಪಾ ಎಂದು ಪಾಲಾಕ್ಷಪ್ಪ ಮನಸ್ಸಿನಲ್ಲೇ ಎಂಟು ಸಾವಿರ ತೆಂಗಿನಕಾಯಿ ಹರಕೆ ಹೊತ್ತ. ಯಾರಾದರೂ ಎತ್ತಿಬಿಟ್ಟರೆ ತನ್ನನ್ನು ಮತ್ತೆ ಕೇಳುವವರಿಲ್ಲ. ಎತ್ತಿದವನನ್ನು ಬೈದುಕೊಂಡು ಮರ್ಯಾದೆಯಿಂದ ಇರಬಹುದು. ಯಾರೂ ಮುರಿಯಲಿಲ್ಲ. ತನ್ನ ಮದುವೆಗೇ ಮೂರು ಸಲ ಮಾತು ಬದಲಿಸಿದ್ದ ಮೈಲಾರೇಶ್ ಕೂಡ ಕಲ್ಲಿನ ಹಾಗೆ ನಿಂತು ಒಲ್ಲೆ ಎಂದ.

ಉಳಿದವಳು ಜಂಬಕ್ಕ ಒಬ್ಬಳೇ. ಗಂಡ ತೀರಿದ ಮೇಲೆ ತಾನೇ ಸ್ಟೇರಿಂಗ್ ಹಿಡಿದವಳು. ಅವಳು ಹಾರ್ನ್ ಹೊಡೆದರೆ ಹರಪನಹಳ್ಳಿ ಕೆರೆಯ ಎಮ್ಮೆಗಳು ಎದ್ದು ನಿಲ್ಲುತ್ತವೆ. ಬೊಮ್ಮಯ್ಯ ಅವಳ ಹೆಸರು ಕೂಗಿದ. ಅವಳು ಅವನತ್ತ ನೋಡಲಿಲ್ಲ; ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಪಾಲಾಕ್ಷಪ್ಪನ ಎದುರಿಗೆ ಬಂದು ನಿಂತಳು.

"ನಂಗೂ ಒಲ್ಲೆ ಅನ್ನಾಕ ಬರ್ತೈತೋ ತಮ್ಮಾ. ನನ್ನ ಹಿಂದ ಹೊಳ್ಳಿ ನಿನ್ನ ಪಾಳಿನೇ ಐತಿ. ಆವಾಗ ನೀ ಏನಂತಿ? ಅದನ್ನ ಮೊದಲು ಹೇಳು, ಆಮ್ಯಾಲೆ ನಾ ಬಾಯಿ ತೆಗೀತೀನಿ."

ಎಲ್ಲರೂ ಪಾಲಾಕ್ಷಪ್ಪನ ಬಾಯನ್ನೇ ನೋಡುತ್ತಿದ್ದರು. ಬಾಡಿಗೆ ಏರಿಸುವ ಮಾತು ಬಂದೀತೇ ಎಂದು ಪಾಲಾಕ್ಷಪ್ಪ ಏಜೆಂಟನ ಬಾಯಿ ನೋಡುತ್ತಿದ್ದ.